ಕೀ ಜೊತೆ ಕೊಟ್ಟ ಮಾತ್ರೆ

ಡ್ರೈವರಮ್ಮ ಆ ಬೆಳಿಗ್ಗೆ ಮಾತ್ರೆ ನುಂಗಿದಳು, ನೀರು ಕುಡಿದಳು, ಲೋಟವನ್ನು ಕೌಂಟರಿನ ಮೇಲಿಟ್ಟಳು. ಬಸ್ಸಿನ ಕೀ ಮಾತ್ರ ಮುಟ್ಟಲಿಲ್ಲ.

"ತಗೊಳಮ್ಮಾ," ಎಂದು ಡಿಪೋದಲ್ಲಿ ಬಸ್ಸುಗಳ ಕೀ ಹಂಚುವ ಕೀ ಮಾವ ಕಿಟಕಿಯ ಸರಳುಗಳ ನಡುವಿನಿಂದ ಕೀಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ.

"ಬೇಡ ಮಾವ. ಇವತ್ತು ಗಾಡಿ ಎತ್ತಲ್ಲ."

"ಯಾಕೆ, ಏನಾಯ್ತು?"

"ಬಲಗಣ್ಣು ಸರಿಯಾಗಿ ಕಾಣಿಸ್ತಿಲ್ಲ."

ಸಾಲಿನಲ್ಲಿ ಹಿಂದೆ ನಿಂತಿದ್ದ ಮೀಸೆ ಡ್ರೈವರ್ ಸುಮ್ಮನಿರಬೇಕಲ್ಲ. "ಎಡಗಣ್ಣು ಇದೆಯಲ್ಲ ಡ್ರೈವರಮ್ಮ, ಅರ್ಧ ರೋಡಲ್ಲಿ ಓಡ್ಸು," ಎಂದ. ನಾಲ್ಕಾರು ಜನ ಕಿಸಕ್ಕನೆ ನಕ್ಕರು. ಡ್ರೈವರಮ್ಮ ನಗಲಿಲ್ಲ. ಇಷ್ಟು ವರ್ಷ ಅವಳ ಜೊತೆ ಒಂದೇ ಸಾಲಿನಲ್ಲಿ ನಿಂತವರು ಇವರು. ಅವಳು ನೆಪ ಹೇಳಿ ಮನೆಯಲ್ಲಿ ಕೂತವಳಲ್ಲ ಎಂದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು.

ಆ ಡಿಪೋದಲ್ಲಿ ಬಸ್ಸು ಓಡಿಸುವ ಹೆಂಗಸು ಅವಳೊಬ್ಬಳೇ. ಸೇರಿದ ಹೊಸದರಲ್ಲಿ ಅವಳನ್ನು ಏನೆಂದು ಕರೆಯಬೇಕೆಂದು ಯಾರಿಗೂ ತೋಚದೆ, ಕೊನೆಗೆ ಡ್ರೈವರಮ್ಮ ಎಂಬುದೇ ನಿಂತುಹೋಯಿತು. ಬೆಳಗಿನ ಮೊದಲ ಬಸ್ಸು ಅವಳದು. ಆಸ್ಪತ್ರೆಯ ನೆಲ ಒರೆಸುವವರು, ಬೇಕರಿಯವರು, ಗಾರ್ಮೆಂಟ್ಸ್ ಹೆಂಗಸರು, ಎಲ್ಲರೂ ಅರೆನಿದ್ದೆಯಲ್ಲಿ ಹತ್ತಿ, ಕಂಬಿಗೆ ತಲೆಯಾನಿಸಿ, ಅವಳ ಮೇಲೆ ಭಾರ ಹಾಕಿ ನಿದ್ದೆ ಹೋಗುತ್ತಿದ್ದರು. ನಿದ್ದೆ ಮಾಡುವವರ ತಲೆ ಕಂಬಿಗೆ ಬಡಿಯದ ಹಾಗೆ ಬ್ರೇಕ್ ಒತ್ತುವುದು ಹೇಗೆಂದು ಅವಳು ತಾನೇ ಕಲಿತುಕೊಂಡಿದ್ದಳು. ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಆ ಡಿಪೋದಲ್ಲಿ ಬೇರೆಲ್ಲೂ ಇರದ ಒಂದು ಪದ್ಧತಿಯಿತ್ತು. ಹಿಂದೊಮ್ಮೆ ಒಬ್ಬ ಡ್ರೈವರ್ ಬಿಪಿ ಏರಿ ಸ್ಟೇರಿಂಗ್ ಮೇಲೆಯೇ ಕುಸಿದಿದ್ದ. ಬಸ್ಸು ಗೋಡೆಗೆ ಒರಗಿ ನಿಂತಿತ್ತು. ಅದಾದ ಮೇಲೆ ಡಿಪೋ ಡಾಕ್ಟರು ಎಲ್ಲರ ಬಿಪಿ ನೋಡಿದರು. ಯಾರಿಗೆ ಹೆಚ್ಚಿತ್ತೋ ಅವರಿಗೆ ಮಾತ್ರೆ ಗೊತ್ತುಮಾಡಿದರು. ಮನೆಯಲ್ಲಿ ಮರೆತುಬಿಡುತ್ತಾರೆ ಎಂದು ಆ ಮಾತ್ರೆಗಳನ್ನು ಕೀ ಕೌಂಟರಿನಲ್ಲೇ ಇಟ್ಟರು. ಅಂದಿನಿಂದ ಕೀ ಮಾವ ಮಾತ್ರೆಗಳನ್ನು ಸ್ಟ್ರಿಪ್ ಪಟ್ಟಿಯಿಂದ ಬಿಡಿಸಿ, ಬಸ್ಸಿನ ನಂಬರು ಅಂಟಿಸಿದ ಸಣ್ಣ ಬಟ್ಟಲುಗಳಲ್ಲಿ ಹಾಕಿಡುತ್ತಿದ್ದ. ಮಾತ್ರೆ, ಒಂದು ಲೋಟ ನೀರು, ಆಮೇಲೆ ಕೀ. ಬಾಯಿ ತೆರೆದು ತೋರಿಸದಿದ್ದರೆ ಕೀ ಇಲ್ಲ. ವಾರದ ರಜೆಗೂ ಒಂದನ್ನು ಕಾಗದದಲ್ಲಿ ಸುತ್ತಿ ಕೈಗಿಡುತ್ತಿದ್ದ.

ಒಳ್ಳೆಯ ಪದ್ಧತಿಯೇ, ಯಾರೂ ತಕರಾರು ಮಾಡಲಿಲ್ಲ. ಆದರೆ ದಿನ ಕಳೆದಂತೆ ಆ ಮಾತ್ರೆ ಔಷಧಿ ಎಂಬುದೇ ಜನರಿಗೆ ಮರೆತುಹೋಯಿತು. ಸಮವಸ್ತ್ರದ ಗುಂಡಿ ಹಾಕುವ ಹಾಗೆ, ಟಯರಿಗೆ ಕಾಲಿನಿಂದ ಒದ್ದು ನೋಡುವ ಹಾಗೆ, ಅದೂ ಡ್ಯೂಟಿಯ ಒಂದು ಭಾಗವಾಯಿತು. ಡ್ರೈವರಮ್ಮನ ಲೆಕ್ಕದಲ್ಲಿ ಔಷಧಿ ಎಂದರೆ ಮನೆಯಲ್ಲಿ ಅತ್ತೆಯ ಬಿಸ್ಕತ್ ಡಬ್ಬಿಯೊಳಗಿರುವುದು. ಮಂಡಿಗೊಂದು, ಹೊಟ್ಟೆಗೊಂದು, ನಿದ್ದೆಗೊಂದು. ತನಗೆ ಅಂಥ ಡಬ್ಬಿ ಇಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಕಾಯಿಲೆ ಶುರುವಾದದ್ದು ಕಾಲಿನಿಂದ. ಮೊಣಕಾಲಿನ ಕೆಳಗೆ ಕೆಂಪು ಗಂಟುಗಳೆದ್ದವು, ಮುಟ್ಟಿದರೆ ನೋವು. ಆಮೇಲೆ ಒಣ ಕೆಮ್ಮು, ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು. ಆಮೇಲೆ ಬಲಗಣ್ಣು ಕೆಂಪಾಗಿ, ಬೆಳಕು ಕಂಡರೆ ಚುಚ್ಚತೊಡಗಿತು. ಹಬೆ ಹಿಡಿದ ಕನ್ನಡಕ ಹಾಕಿಕೊಂಡ ಹಾಗೆ ಎಲ್ಲ ಮಂಜು. ಗಂಡ ಬಟ್ಟೆ ಹೊಲಿಯುವವನು, ಮಾತು ಕಡಿಮೆ. ಮನೆಯ ಮಾತೆಲ್ಲ ಅತ್ತೆಯದೇ.

"ನೋಡೇ, ಸೂಜಿಗೆ ದಾರ ಪೋಣಿಸೋಕೆ ನನ್ನ ಕರೀತಿದೀಯ. ನನಗೆ ನೀನು ಕಣ್ಣಾಗಬೇಕಾದ ಕಾಲದಲ್ಲಿ ನಾನು ನಿನಗೆ ಕಣ್ಣಾಗಿದೀನಿ. ಡಾಕ್ಟರಿಗೆ ತೋರಿಸು," ಎಂದಳು ಅತ್ತೆ.

ತೋರಿಸಿದಳು. ಡಿಪೋ ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಎರಡೂ ಕಡೆ ಗ್ರಂಥಿಗಳು ಊದಿದ ಹಾಗಿತ್ತು. ರಕ್ತವನ್ನೂ ಪರೀಕ್ಷೆಗೆ ಬರೆದರು. ಇಷ್ಟರಮಟ್ಟಿಗೆ ಅವರು ಸರಿಯಾದ ದಾರಿಯಲ್ಲೇ ಇದ್ದರು, ಅದನ್ನು ಒಪ್ಪಬೇಕು.

"ಬೇರೆ ಮಾತ್ರೆ ಏನಾದ್ರೂ ತಗೋತೀರಾ?" ಎಂದು ಕೇಳಿದ್ದೂ ಹೌದು. ಆದರೆ ಕೇಳುವಾಗ ಅವರ ಕಣ್ಣು ಫೋನಿನ ಮೇಲಿತ್ತು.

"ಇಲ್ಲ ಸಾರ್," ಎಂದಳು ಅವಳು, ಅತ್ತೆಯ ಡಬ್ಬಿಯನ್ನು ನೆನೆದು.

ಆ ಬಿಪಿ ಮಾತ್ರೆ ಅವಳಿಗೆ ಬರೆದುಕೊಟ್ಟವರು ಅದೇ ಡಾಕ್ಟರು. ಬರೆದ ಕೈ ಅದೇ, ಕೇಳಿದ ಬಾಯಿ ಅದೇ. ಆದರೂ ಅವರಿಗೆ ನೆನಪಾಗಲಿಲ್ಲ.

ರಿಪೋರ್ಟ್ ಬಂದ ದಿನ ಡಾಕ್ಟರು ನಗುನಗುತ್ತಾ ಇದ್ದರು. "ಮೈಯೊಳಗಿನ ರೋಗನಿರೋಧಕ ಶಕ್ತಿ ದಾರಿ ತಪ್ಪಿದೆಯಾ ಅಂತ ನನಗೆ ಅನುಮಾನ ಇತ್ತಮ್ಮಾ. ಹಾಗಿದ್ರೆ ರಕ್ತದಲ್ಲಿ ಒಂದು ಕಿಣ್ವ ಏರಬೇಕಿತ್ತು. ನಿಮ್ಮದು ಏರಿಲ್ಲ. ಎಲ್ಲ ನಾರ್ಮಲ್. ನಿಮಗೇನೂ ಆಗಿಲ್ಲ."

"ಮತ್ತೆ ಕಾಲಲ್ಲಿ ಗಂಟು ಸಾರ್?"

"ಕೂತೇ ಮಾಡೋ ಕೆಲಸ ಅಲ್ವಾ."

"ಕೂತರೆ ಕಣ್ಣು ಮಂಜಾಗುತ್ತಾ ಸಾರ್?"

ಡಾಕ್ಟರ ನಗು ಮಾಯವಾಯಿತು. "ರಕ್ತ ಸುಳ್ಳು ಹೇಳಲ್ಲಮ್ಮ," ಎಂದರು. ಅಂದರೆ ಸುಳ್ಳು ಹೇಳುತ್ತಿರುವುದು ನೀನು ಎಂದೇ ಅರ್ಥ. ಆ ಮಾತು ಡಾಕ್ಟರ ಕೋಣೆಯಿಂದ ಹೊರಬಂದು, ವಾಷಿಂಗ್ ಶೆಡ್ ದಾಟಿ, ಕ್ಯಾಂಟೀನು ಮುಟ್ಟುವಷ್ಟರಲ್ಲಿ ಕೈಕಾಲು ಬೆಳೆಸಿಕೊಂಡಿತ್ತು. ಡ್ರೈವರಮ್ಮನಿಗೆ ಬೆಳಗಿನ ಪಾಳಿ ಬೇಡವಂತೆ, ಅದಕ್ಕೇ ನಾಟಕವಂತೆ. ಡಿಪೋ ಮ್ಯಾನೇಜರು ಅವಳನ್ನು ಕರೆದು, "ಟೆಸ್ಟೇ ಹೇಳಿದ ಮೇಲೆ ಮುಗೀತಲ್ಲ. ಇನ್ನು ಕಣ್ಣು ಗಿಣ್ಣು ಅಂತ ಬಂದ್ರೆ ಚೆನ್ನಾಗಿರಲ್ಲ," ಎಂದರು.

ಅವಳು ಓಡಿಸಿದಳು. ಹಲ್ಲು ಕಚ್ಚಿಕೊಂಡು ಓಡಿಸಿದಳು. ಬಲಗಡೆಯ ಕನ್ನಡಿ ನೋಡಲು ಇಡೀ ಕುತ್ತಿಗೆ ತಿರುಗಿಸುತ್ತಿದ್ದಳು. ಒಂದು ದಿನ ಮಾರುಕಟ್ಟೆಯ ತಿರುವಿನಲ್ಲಿ ಎದುರಿಗೆ ಎಳೆಬಿಸಿಲು. ಅದೊಂದು ಬಿಳಿಯ ಹೊಗೆ ಅಷ್ಟೇ ಅವಳಿಗೆ. ಹಿಂದಿನಿಂದ ಕಂಡಕ್ಟರಣ್ಣ "ಅಮ್ಮಾ, ಬ್ರೇಕ್!" ಎಂದು ಕಿರುಚಿದ. ಬಸ್ಸು ಮುಗ್ಗರಿಸಿ ನಿಂತಿತು. ನಿದ್ದೆಯಲ್ಲಿದ್ದವರ ತಲೆಗಳೆಲ್ಲ ಕಂಬಿಗೆ ಬಡಿದವು. ಬಸ್ಸಿನ ಮುಂದೆ, ಕೈಗೆಟುಕುವಷ್ಟು ದೂರದಲ್ಲಿ, ಬಟ್ಟೆಯ ಚೀಲ ಹಿಡಿದ ಮುದುಕರೊಬ್ಬರು ರಸ್ತೆ ದಾಟುತ್ತಿದ್ದರು. ತಮಗಾಗಿಯೇ ಬಸ್ಸು ನಿಲ್ಲಿಸಿದಳೆಂದು ತಿಳಿದು ಅವರು ಅವಳತ್ತ ಕೈಯೆತ್ತಿ ನಮಸ್ಕಾರ ಮಾಡಿದರು.

ಆ ನಮಸ್ಕಾರವನ್ನು ಅವಳಿಗೆ ನುಂಗಲಾಗಲಿಲ್ಲ. ಮರುದಿನ ಅವಳು ಕೀ ಮುಟ್ಟದಿದ್ದದ್ದು ಅದಕ್ಕೆ.

ಕೀ ಬೇಡವೆಂದ ತಪ್ಪಿಗೆ ಅವಳನ್ನು ಕೆಲಸದಿಂದ ದೂರವಿಟ್ಟರು. ಸುಳ್ಳು ಕಾರಣ ಹೇಳಿ ಡ್ಯೂಟಿ ತಪ್ಪಿಸಿದ್ದಾಳೆ, ವಿಚಾರಣೆ ನಡೆಯುತ್ತದೆ, ಸಾಬೀತಾದರೆ ಕೆಲಸವಿಲ್ಲ ಎಂದರು. ಮಾತ್ರೆಯನ್ನು ಮಾತ್ರ ಕೀ ಮಾವ ಕಾಗದದಲ್ಲಿ ಸುತ್ತಿ ಮನೆಗೇ ಕಳಿಸುತ್ತಿದ್ದ. ಕಂಡಕ್ಟರಣ್ಣನಿಗೆ ತಡೆಯಲಾಗಲಿಲ್ಲ. ತನ್ನ ರಜೆಯ ದಿನ ಅವಳ ಮನೆಗೆ ಬಂದು, "ನಡಿ ತಾಯಿ, ಬೇರೆ ಕಡೆ ತೋರಿಸೋಣ," ಎಂದು ಊರಿನ ದೊಡ್ಡಾಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋದ.

ಕಣ್ಣಿನ ಡಾಕ್ಟರಮ್ಮ ಕೋಣೆಯ ದೀಪ ಆರಿಸಿ, ಅವಳ ಗದ್ದವನ್ನು ಯಂತ್ರದ ಮೇಲಿಡಿಸಿ, ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ದೀಪ ಹಾಕಿ, "ಇಷ್ಟು ದಿನ ಎಲ್ಲಿದ್ರಮ್ಮಾ? ಕಣ್ಣೊಳಗೆ ಉರಿಯೂತ ತುಂಬಿದೆ," ಎಂದರು.

ಯಾವುದೋ ಭಾರ ಇಳಿದ ಹಾಗಾಗಿ ಡ್ರೈವರಮ್ಮನಿಗೆ ಅಳು ಬಂತು. ಕಾಯಿಲೆ ಇದೆ ಎಂದು ಕೇಳಿ ಯಾರಾದರೂ ಸಮಾಧಾನ ಪಡುತ್ತಾರೆಯೇ? ಅವಳನ್ನು ಆ ಸ್ಥಿತಿಗೆ ತಂದಿಟ್ಟಿದ್ದರು.

ಡಾಕ್ಟರಮ್ಮ ಎಕ್ಸ್‌ರೇ ನೋಡಿದರು, ಕಾಲಿನ ಗಂಟು ಮುಟ್ಟಿದರು, ರಕ್ತದ ರಿಪೋರ್ಟ್ ಹಿಡಿದು ಹುಬ್ಬು ಗಂಟಿಕ್ಕಿದರು. "ನೀವು ದಿನಾ ತಗೊಳ್ಳೋ ಔಷಧಿ ಯಾವುದು?"

"ಯಾವುದೂ ಇಲ್ಲ ಮೇಡಂ."

"ಶುಗರ್?"

"ಇಲ್ಲ."

"ಬಿಪಿ?"

"ಇತ್ತು. ಈಗ ಸರಿಹೋಗಿದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೇಗೆ ಸರಿಹೋಯ್ತು?"

"ಡಿಪೋದಲ್ಲಿ ಕೀ ಜೊತೆ ಕೊಡ್ತಾರಲ್ಲ ಮೇಡಂ, ಅದನ್ನ ನುಂಗ್ತೀನಿ."

"ಏನನ್ನ?"

"ಅದೇ... ಮಾತ್ರೆ." ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ಕೇಳಿಸಿತು. ಪಕ್ಕದಲ್ಲಿದ್ದ ಕಂಡಕ್ಟರಣ್ಣ ಹಣೆ ಚಚ್ಚಿಕೊಂಡ.

ಮಾತ್ರೆಯ ಹೆಸರು ಅವಳಿಗೆ ಗೊತ್ತಿರಲಿಲ್ಲ. ಕಂಡಕ್ಟರಣ್ಣ ಅಲ್ಲಿಂದಲೇ ಕೀ ಮಾವನಿಗೆ ಫೋನು ಹಚ್ಚಿದ.

"ಮಾವ, ಡ್ರೈವರಮ್ಮನ ಮಾತ್ರೆಯ ಖಾಲಿ ಪಟ್ಟಿ ಇದೆಯಾ? ಮೇಲೆ ಏನು ಬರೆದಿದೆ ಓದು."

"ಇರಪ್ಪಾ, ಕನ್ನಡಕ ಎಲ್ಲಿಟ್ಟೆ... ಇಲ್ಲಿ ಏನೋ ಇದೆ. ತಣ್ಣಗಿನ ಜಾಗದಲ್ಲಿ ಇಡಿ ಅಂತಿದೆ."

"ಅದಲ್ಲ ಮಾವ! ಹೆಸರು! ದಪ್ಪಗೆ ಬರೆದಿರ್ತಾರಲ್ಲ!"

"ಬೈಬೇಡ್ವೋ. ಇಷ್ಟು ಸಣ್ಣಗೆ ಅಚ್ಚು ಹಾಕಿದೋರನ್ನ ಬೈ."

ಕೀ ಮಾವ ಒಂದೊಂದೇ ಅಕ್ಷರ ಬಿಡಿಸಿ ಓದಿದ. ಡಾಕ್ಟರಮ್ಮ ಅರ್ಧಕ್ಕೇ ಕೈಯೆತ್ತಿ ಸಾಕೆಂದರು. ಆಮೇಲೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ನೋಡಿ, ಎಸಿಇ ಅಂತ ಒಂದು ಕಿಣ್ವ. ಅದು ಎಲ್ಲರ ರಕ್ತದಲ್ಲೂ ಇರುತ್ತೆ. ರಕ್ತನಾಳ ಬಿಗಿ ಮಾಡೋದ್ರಲ್ಲಿ ಅದರ ಕೈವಾಡ ಇದೆ. ಈಗ, ನಿಮಗೆ ಇರಬಹುದು ಅಂತ ನನಗೆ ಅನುಮಾನ ಇರೋ ಕಾಯಿಲೆ ಹೆಸರು ಸಾರ್ಕಾಯ್ಡೋಸಿಸ್. ಮೈ ಕಾಯಬೇಕಾದ ಕಣಗಳು, ಶತ್ರು ಇಲ್ಲದಿದ್ರೂ, ಶ್ವಾಸಕೋಶದಲ್ಲೋ ಕಣ್ಣಲ್ಲೋ ಗುಂಪು ಕಟ್ಟಿ ಸಣ್ಣ ಸಣ್ಣ ಗಂಟಾಗ್ತವೆ. ಆ ಗಂಟುಗಳು ಈ ಕಿಣ್ವವನ್ನ ಹೆಚ್ಚಾಗಿ ತಯಾರಿಸ್ತವೆ. ಅದಕ್ಕೇ ಈ ರಕ್ತ ಪರೀಕ್ಷೆ."

"ನನ್ನದು ಏರಿಲ್ಲ ಅಂದ್ರಲ್ಲ ಮೇಡಂ."

"ಹೇಗೆ ಏರುತ್ತೆ? ಲ್ಯಾಬಿನವರು ಅಳೆಯೋದು ಆ ಕಿಣ್ವ ಎಷ್ಟು ಚುರುಕಾಗಿ ಕೆಲಸ ಮಾಡುತ್ತೆ ಅಂತ. ನೀವು ನುಂಗ್ತಿರೋ ಬಿಪಿ ಮಾತ್ರೆಯ ಕೆಲಸವೇ ಆ ಕಿಣ್ವವನ್ನ ಅದುಮಿ ಹಿಡಿಯೋದು."

ಡ್ರೈವರಮ್ಮ ನಿಧಾನವಾಗಿ ಹೇಳಿದಳು: "ಅಂದ್ರೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಗಾಡಿ ಓಡ್ತಾ ಇಲ್ಲ ನೋಡು ಅಂದ ಹಾಗಾಯ್ತು."

"ಅದೇ. ಇನ್ನೊಂದು ಮಾತು. ಈ ಮಾತ್ರೆ ಇಲ್ಲದೇ ಇದ್ರೂ, ಕಾಯಿಲೆ ಇರೋ ಎಷ್ಟೋ ಜನರಲ್ಲಿ ಈ ಕಿಣ್ವ ಏರೋದೇ ಇಲ್ಲ. ಬೇರೆ ಕಾರಣಕ್ಕೂ ಕೆಲವರಲ್ಲಿ ಏರುತ್ತೆ. ಇದೊಂದನ್ನೇ ನಂಬಿ ಕಾಯಿಲೆ ಇದೆ ಅಂತಲೂ ಹೇಳಬಾರದು, ಇಲ್ಲ ಅಂತಲೂ ಹೇಳಬಾರದು. ಕಣ್ಣು, ಎಕ್ಸ್‌ರೇ, ಎಲ್ಲ ಸೇರಿಸಿ ನೋಡಬೇಕು. ನಿಮ್ಮ ಕೆಮ್ಮೂ ಅಷ್ಟೇ, ಕಾಯಿಲೆಯಿಂದ ಇರಬಹುದು, ಈ ಮಾತ್ರೆಯಿಂದಲೂ ಇರಬಹುದು. ಕೆಲವರಿಗೆ ಇದರಿಂದ ಒಣ ಕೆಮ್ಮು ಬರುತ್ತೆ."

"ಹಾಗಾದ್ರೆ ನಾಳೆಯಿಂದಲೇ ಬಿಟ್ಟುಬಿಡ್ತೀನಿ!"

"ಬಿಡಬೇಡಿ! ಬಿಪಿ ಏರಿ ಬಿದ್ರೆ? ಬೇರೆ ಜಾತಿಯ ಮಾತ್ರೆಗೆ ಬದಲಾಯಿಸೋ ಹಾಗೆ ನಮ್ಮ ವೈದ್ಯರಿಗೆ ಹೇಳ್ತೀನಿ. ಕೆಲವು ವಾರ ಬಿಟ್ಟು ರಕ್ತ ಮತ್ತೆ ನೋಡೋಣ. ಕಣ್ಣಿಗೆ ಮಾತ್ರ ಇವತ್ತಿಂದಲೇ ಹನಿ ಶುರು. ಇನ್ನು ಕಾದರೆ ದೃಷ್ಟಿ ವಾಪಸ್ ಬರುತ್ತೆ ಅಂತ ನಾನು ಭರವಸೆ ಕೊಡಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಡ್ರೈವರಮ್ಮ ಒಳಗೆ ಕುದಿಯುತ್ತಿದ್ದಳು. ದಿನಾ ಬೆಳಿಗ್ಗೆ ಬಾಯಿ ತೆರೆಸಿ ನುಂಗಿಸಿದವರು ಅವರೇ. ನುಂಗಿಸಿದ್ದರಿಂದ ಕೆಳಗಿಳಿದ ಅಂಕಿಯನ್ನು ಹಿಡಿದು, ನೀನು ಸುಳ್ಳಿ ಎಂದವರೂ ಅವರೇ. ತನ್ನ ಕಣ್ಣು ಹೋದರೆ ಹೋಗಲಿ, ಆ ಮುದುಕರು? ಬಟ್ಟೆಯ ಚೀಲ ಹಿಡಿದು ನಮಸ್ಕಾರ ಮಾಡಿದ ಆ ಮುದುಕರು?

ಮನೆಯಲ್ಲಿ ಎಲ್ಲ ಕೇಳಿದ ಅತ್ತೆ ತನ್ನ ಬಿಸ್ಕತ್ ಡಬ್ಬಿಯನ್ನು ಎದುರಿಗಿಟ್ಟುಕೊಂಡು, "ನನ್ನ ಡಬ್ಬಿ ನೋಡಿ ನಗ್ತಿದ್ದೆಯಲ್ಲ, ನಿನ್ನ ಡಬ್ಬಿ ಇಡೀ ಡಿಪೋದಷ್ಟು ದೊಡ್ಡದು ಕಣೇ," ಎಂದಳು. ನಗಿಸಲೆಂದೇ ಹೇಳಿದ್ದು. ಆದರೆ ಹೇಳುತ್ತಾ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಟ್ಟಳು.

ಮಾತ್ರೆ ಬದಲಾಯಿತು. ವಾರಗಳು ಕಳೆದವು. ಮತ್ತೆ ರಕ್ತ ಕೊಟ್ಟಾಗ ಆ ಕಿಣ್ವ ಮಿತಿ ದಾಟಿ ಎಷ್ಟೋ ಮೇಲಿತ್ತು. "ಮಾರ್ಕ್ಸ್ ಜಾಸ್ತಿ ಬಂತು ತಾಯಿ, ಪಾಸಾದೆ," ಎಂದ ಕಂಡಕ್ಟರಣ್ಣ. ಎದೆಯ ಗ್ರಂಥಿಯಿಂದ ಚೂರು ತೆಗೆದು ನೋಡಿದಾಗ ಅನುಮಾನ ನಿಜವಾಯಿತು. ಸ್ಟೀರಾಯ್ಡ್ ಶುರು ಮಾಡಿದರು. ಕಾಲಿನ ಗಂಟು ಕರಗಿತು. ಕಣ್ಣಿನ ಮಂಜು ಹಿಂದೆ ಸರಿಯುತ್ತ ಸರಿಯುತ್ತ, ಕೊನೆಗೆ ಗಾಜಿನ ಮೇಲಿನ ಧೂಳಿನಂಥ ಕೆಲವು ಚುಕ್ಕೆಗಳಷ್ಟೇ ಉಳಿದವು. ಬಸ್ಸು ಓಡಿಸಬಹುದು ಎಂದು ಡಾಕ್ಟರಮ್ಮ ಬರೆದುಕೊಟ್ಟರು.

ಆದರೆ ವಿಚಾರಣೆ ಬಾಕಿಯಿತ್ತು.

ಮ್ಯಾನೇಜರ ಕೋಣೆಯಲ್ಲಿ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಒಂದು ಕಡೆ ಮ್ಯಾನೇಜರು, ಡಿಪೋ ಡಾಕ್ಟರು. ಇನ್ನೊಂದು ಕಡೆ ಡ್ರೈವರಮ್ಮ; ಅವಳಿಗೆ ಕುರ್ಚಿ ಹಾಕಿರಲಿಲ್ಲ. ಮ್ಯಾನೇಜರು ದೊಡ್ಡಾಸ್ಪತ್ರೆಯ ಕಾಗದಗಳನ್ನು ಪಕ್ಕಕ್ಕೆ ಸರಿಸಿ, ಮೆತ್ತಗೆ ಶುರು ಮಾಡಿದರು.

"ಕಾಯಿಲೆ ಇತ್ತು ಅಂತ ಒಪ್ಕೋತೀವಮ್ಮ. ಆದರೆ ಡಾಕ್ಟರು ಕೇಳಿದಾಗ ಮಾತ್ರೆ ವಿಷಯ ನೀವು ಮುಚ್ಚಿಟ್ರಿ. ಹಾಗಂತ ಒಂದು ಸಾಲು ಬರೆದು ಸಹಿ ಹಾಕಿ. ಕೇಸು ಇಲ್ಲಿಗೇ ಬಿಟ್ಟುಬಿಡ್ತೀವಿ. ನಾಳೆಯಿಂದ ಕೀ ತಗೊಳ್ಳಿ."

ಡಾಕ್ಟರು ಮೇಜಿನ ಅಂಚನ್ನೇ ನೋಡುತ್ತಿದ್ದರು.

ಕೀ ಬೇಕಿತ್ತು ಅವಳಿಗೆ. ಅಷ್ಟೊಂದು ಬೇಕಿತ್ತು. ಒಂದು ಸಾಲು ತಾನೇ. ಪೆನ್ನನ್ನು ಕೈಗೂ ತೆಗೆದುಕೊಂಡಳು. ಆಮೇಲೆ ಕೆಳಗಿಟ್ಟಳು.

"ನಾನು ಮುಚ್ಚಿಟ್ಟೆನಾ ಸಾರ್? ನನ್ನ ಬಾಯಿ ತೆರೆಸಿ ನೋಡಿದೋರು ನೀವು."

"ಹಾಗಲ್ಲಮ್ಮ, ನಿಯಮ ಅಂತ ಒಂದು..."

"ನಿಮ್ಮ ಮರೆವಿಗೆ ನನ್ನ ತಲೆ ಮೇಲೆ ಗೂಬೆ ಕೂರಿಸ್ತೀರಾ? ನನ್ನನ್ನ ಸುಳ್ಳಿ ಅಂದ್ರಿ. ಈಗ ಆ ಸುಳ್ಳನ್ನ ನನ್ನ ಕೈಯಲ್ಲೇ ಬರೆಸ್ತೀರಾ?"

ಮ್ಯಾನೇಜರ ಮುಖ ಕೆಂಪಾಯಿತು. "ಸಾಕ್ಷಿ ಕರೀರಿ," ಎಂದರು. ಆ ದಿನ ಅವಳು ಕೀ ನಿರಾಕರಿಸಿದ್ದನ್ನು ಹೇಳಲು ಅವರು ಮೊದಲೇ ಕೀ ಮಾವನನ್ನು ಬಾಗಿಲ ಹೊರಗೆ ಕೂರಿಸಿದ್ದರು. ಅವನು ಒಳಗೆ ಬಂದು ಟೋಪಿ ತೆಗೆದು ನಿಂತ.

"ಆವತ್ತು ಈಯಮ್ಮ ಕೀ ತಗೊಂಡ್ರಾ?"

"ಇಲ್ಲ ಸಾರ್."

"ನೀನು ಕೊಟ್ಟೆಯಾ?"

"ಕೊಟ್ಟೆ ಸಾರ್. ಬೇಡ ಅಂದ್ರು."

ಮ್ಯಾನೇಜರು ಗೆದ್ದವರಂತೆ ಹಿಂದಕ್ಕೆ ಒರಗಿದರು. ಕೀ ಮಾವ ಹೋಗಲಿಲ್ಲ, ಹೇಳುವುದಿನ್ನೂ ಮುಗಿದಿರಲಿಲ್ಲ. "ಮಾತ್ರೆ ಮಾತ್ರ ನುಂಗಿದ್ರು ಸಾರ್. ಬಾಯಿ ತೆರೆದೂ ತೋರಿಸಿದ್ರು. ಡಾಕ್ಟರು ಹೇಳಿದ ಹಾಗೆ ಒಂದಿನಾನೂ ತಪ್ಪಿಸಿಲ್ಲ ನಾನು. ಆ ಪಟ್ಟಿಗಳೆಲ್ಲ ಡಾಕ್ಟರ ಕೋಣೆಯಿಂದಲೇ ತಾನೇ ಬರೋದು?"

ಮ್ಯಾನೇಜರು ಡಾಕ್ಟರ ಕಡೆ ತಿರುಗಿದರು.

"ಕೇಳಿದೆ ನಾನು," ಎಂದರು ಡಾಕ್ಟರು, ಯಾರಿಗೆಂದಿಲ್ಲದೆ. "ಕೇಳಿದ್ದೆ."

"ಕೇಳಿದ್ರಿ ಸಾರ್," ಎಂದಳು ಡ್ರೈವರಮ್ಮ. "ಮುಖ ನೋಡಿ ಕೇಳಿದ್ರೆ ನಿಮಗೇ ನೆನಪಾಗ್ತಿತ್ತು."

ಮ್ಯಾನೇಜರು ಕೆಮ್ಮಿದರು. "ಸರಿ, ಸರಿ. ಆರೋಪ ಕೈಬಿಡಲಾಗಿದೆ ಅಂತ ಬರೀತೀನಿ."

"ಯಾಕೆ ಕೈಬಿಟ್ರಿ ಅಂತಲೂ ಬರೀರಿ."

ಅವರು ಅದನ್ನು ಬರೆಯಲಿಲ್ಲ. ಕ್ಷಮಿಸಿ ಎಂದು ಯಾರ ಬಾಯಲ್ಲೂ ಬರಲಿಲ್ಲ. ಡಾಕ್ಟರು ಅವಳ ಪಕ್ಕದಿಂದಲೇ, ನೆಲ ನೋಡುತ್ತಾ ಹೊರಟುಹೋದರು. ಅವಳು ಮಾತ್ರ ಸಹಿ ಹಾಕದ ಆ ಖಾಲಿ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಯಾಕೆಂದು ಅತ್ತೆ ಕೇಳಿದ್ದಕ್ಕೆ, "ಅಲ್ಲಿ ಬಿಟ್ಟರೆ ಇನ್ಯಾರ ಕೈಯಲ್ಲಾದ್ರೂ ಬರೆಸ್ತಾರೆ," ಎಂದಳು.

ಮರುದಿನ ಬೆಳಿಗ್ಗೆ ಕೌಂಟರಿನ ಮುಂದೆ ಎಂದಿನ ಸಾಲು. ತೊಳೆದ ಬಸ್ಸುಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಡೀಸೆಲ್ ವಾಸನೆ. ಕೀ ಮಾವ ಅಭ್ಯಾಸಬಲದಿಂದ ಬಟ್ಟಲು ಮುಂದಿಟ್ಟ, ನೀರಿನ ಲೋಟವಿಟ್ಟ, ಕೀ ಎತ್ತಿದ.

"ಇದರ ಹೆಸರೇನು ಮಾವ?"

"ನಿನ್ನ ದೊಡ್ಡಾಸ್ಪತ್ರೆಯವರು ಬದಲಾಯಿಸಿದ್ದೇ ಕಣಮ್ಮ."

"ಬಟ್ಟಲಲ್ಲಿ ಹಾಕಿದ್ದನ್ನ ನಾನು ನುಂಗಲ್ಲ. ಪಟ್ಟಿ ತೋರಿಸು. ನನ್ನೆದುರಿಗೇ ಬಿಡಿಸು."

ಕೀ ಮಾವ ಪಟ್ಟಿ ಹುಡುಕಿ ತಂದ. ಅವಳು ಅದನ್ನು ದೀಪದ ಕೆಳಗೆ ಹಿಡಿದು, ಬಲಗಣ್ಣಿನಿಂದಲೇ, ಆ ಸಣ್ಣಚ್ಚಿನ ಹೆಸರನ್ನು ಗಟ್ಟಿಯಾಗಿ ಓದಿದಳು. ಆಮೇಲೆ ನುಂಗಿದಳು. ಬಾಯಿ ತೆರೆದು ತೋರಿಸಲಿಲ್ಲ. ಕೀ ಮಾವ ಕೇಳಲೂ ಇಲ್ಲ. ಅವಳು ಕೀ ತೆಗೆದುಕೊಂಡು ತನ್ನ ಬಸ್ಸಿನತ್ತ ನಡೆದಳು.

ಅವಳ ಹಿಂದೆ ಮೀಸೆ ಡ್ರೈವರ್ ನಿಂತಿದ್ದ. ಅವನು ತನ್ನ ಮಾತ್ರೆಯನ್ನು ಎತ್ತಿ ಬಾಯಿಯ ತನಕ ಒಯ್ದ. ಅಲ್ಲೇ ತಡೆದು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಮಾವ, ನಂದು ಯಾವುದು?"

"ನೀನೂ ಶುರು ಮಾಡಿದೆಯಾ?"

"ಸುಮ್ನೆ ಹೇಳೋ. ಹೆಸರೇನು ಇದರದ್ದು?"

ಕೀ ಮಾವ ಮತ್ತೆ ಕನ್ನಡಕಕ್ಕಾಗಿ ತಡಕಾಡಿದ. ಸಾಲು ಮುಂದಕ್ಕೆ ಹೋಗಲಿಲ್ಲ. ಮಹಡಿಯ ಕಿಟಕಿಯಿಂದ ಮ್ಯಾನೇಜರು ಬಗ್ಗಿ, "ಏನ್ರೀ ಅಲ್ಲಿ? ಬಸ್ಸು ಯಾಕೆ ಹೊರಟಿಲ್ಲ?" ಎಂದು ಕೂಗಿದರು.

"ಏನಿಲ್ಲ ಸಾರ್," ಎಂದು ಕಂಡಕ್ಟರಣ್ಣ ಕೆಳಗಿನಿಂದ ಕೂಗಿದ. "ಹೆಸರು ಕೇಳ್ತಾ ಇದಾರೆ."